ಹರಿಗೋಲಿನ ತಳ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಯಂತ್ರ.

ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ಕಳಕೇಶ. ಕಂಪ್ಯೂಟರಿನ ಓದು ಓದಿ, ಕೆಲವು ಕಾಲ ಪಟ್ಟಣದಲ್ಲಿ ದುಡಿದು, ಅದೆಲ್ಲ ಸಾಕಾಗಿ ಮಠಕ್ಕೆ ಬಂದವನು. ಸಾಕಾಯಿತು ಅಂದರೂ ಕಲಿತ ಕೈ ಸುಮ್ಮನಿರುವುದಿಲ್ಲವಲ್ಲ. ಬಂದ ವರ್ಷವೇ ಹೊಳೆಸಾಲಿನ ಜನರಿಗಾಗಿ ಒಂದು ಯಂತ್ರ ಕೂಡಿಸಿದ.

ಯಂತ್ರದ ಕೆಲಸ ಇಷ್ಟೇ. ಮಠದಿಂದ ಬಹಳ ಮೇಲೆ, ಹೊಳೆ ತಿರುಗುವ ಕಡೆ, ನೀರು ಅಳೆಯುವ ಕಂಬವಿತ್ತು. ಕಂಬದೊಳಗೆ ಒಂದು ತೇಲುವ ಬುಂಡೆ. ನೀರು ಏರಿದರೆ ಬುಂಡೆ ಏರುತ್ತದೆ, ಕಂಬ ಸುದ್ದಿ ಕಳಿಸುತ್ತದೆ, ಮಠದ ಕಂಪ್ಯೂಟರು ಸೈರನ್ ಕೂಗಿಸುತ್ತದೆ, ಜನರ ಮೊಬೈಲಿಗೂ ಸಂದೇಶ ಹಾಕುತ್ತದೆ. ನೀರು ಮಠದ ಮುಂದೆ ಬರುವುದರೊಳಗೆ ಕೆಳಗಿದ್ದವರು ದಂಡೆ ಹತ್ತಬಹುದು.

ಹೊಳೆ ಬತ್ತಿದಾಗ ಬಡವರು ಅದರ ಉಸುಕಿನಲ್ಲಿ ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದರು. ಮೊದಲೆಲ್ಲ ಅವರಿಗಾಗಿ ಮಠದ ಕಟ್ಟೆಯ ಮೇಲೆ ಯಾರಾದರೊಬ್ಬರು ಜಾಗಟೆ ಹಿಡಿದು ಕೂತು ನೀರು ನೋಡುತ್ತಿದ್ದರು. ಸೈರನ್ ಬಂದ ಮೇಲೆ ಜಾಗಟೆ ಗೂಟ ಸೇರಿತು. ಅದರ ಮೇಲೆ ಧೂಳು ಕೂತಿತು.

ಒಂದು ದಿನ ಕಳಕೇಶ ಹುರುಪಿನಿಂದ ಅಜ್ಜಾರ ಬಳಿಗೆ ಬಂದ.

“ಅಜ್ಜಾರ, ಇನ್ನ ಮ್ಯಾಲ ಯಂತ್ರದ ಚಿಂತಿ ಇಲ್ರಿ. ಅದು ತನ್ನಷ್ಟಕ್ಕ ತಾನ ಅಪ್‌ಡೇಟ್ ಆಗ್ತೈತಿ.”

“ಹಂಗಂದ್ರ?”

“ಹೊಸಾದು ಬಂತಂದ್ರ ತಾನ ತರಿಸ್ಕೊಂತೈತಿ. ಹಳೇದರ ಜಾಗಾದಾಗ ತಾನ ಕೂಡಿಸ್ತೈತಿ. ಯಾರೂ ಮುಟ್ಟೋದು ಬ್ಯಾಡ.”

“ಎಲ್ಲಾನೂ?”

“ಎಲ್ಲಾನೂ. ಕರ್ನಲ್ ಸೈತ.”

“ಅವನ್ಯಾರಪ್ಪ?”

ಕಳಕೇಶ ನಕ್ಕ. “ಅಂವ ಅಲ್ರಿ, ಅದು. ಯಂತ್ರದ ತಿರುಳು. ಬಾಕಿ ಸಾಫ್ಟ್‌ವೇರೆಲ್ಲಾ ಕುಂತಿರೋದು ಇದರ ಮ್ಯಾಲ. ಸೈರನ್ ಕೂಡ ಮಾತಾಡೋದು ಇದ, ಕಂಬದ ಸುದ್ದಿ ಹಿಡಿಯೋ ಪೆಟ್ಟಿಗಿ ಕೂಡ ಮಾತಾಡೋದೂ ಇದ.”

“ಅದನ್ನ ಬದಲಿಸುವಾಗ ಮ್ಯಾಲ ಕುಂತವು ಏನ್ಮಾಡ್ತಾವು?”

“ಒಂದು ಗಳಿಗಿ ಎಲ್ಲಾ ಬಂದ್ ಆಗ್ತಾವು. ಯಂತ್ರ ಒಮ್ಮೆ ಮಲಗಿ ಏಳಬೇಕು. ನಸುಕಿನಾಗ ಆಗಂಗ ಇಟ್ಟೀನಿ. ಯಾರಿಗೂ ಗೊತ್ತ ಆಗಂಗಿಲ್ಲ.”

“ಎದ್ದಾಗ ಮಗ್ಗಲಾಗ ಯಾರಿರ್ತಾರ?”

“ಯಾರೂ ಬೇಕಾಗಿಲ್ರಿ ಅಜ್ಜಾರ. ಅದಕ್ಕಲ್ಲೇನು ಇಷ್ಟೆಲ್ಲಾ ಮಾಡಿದ್ದು!”

ಅಜ್ಜಾರು ಅವನ ಮುಖ ನೋಡಿದರು. ಮತ್ತೆ ಕೇಳಲಿಲ್ಲ. ಹುಡುಗ ಇಷ್ಟು ಸಂತೋಷದಲ್ಲಿದ್ದಾನೆ, ತಣ್ಣೀರು ಯಾಕೆ ಎರಚುವುದು ಅಂದುಕೊಂಡರೋ ಏನೋ. ಈ ಕಥೆ ಹೇಳುವಾಗಲೆಲ್ಲ ನನಗೆ ಇಲ್ಲಿ ಅವರ ಮೇಲೆ ಸ್ವಲ್ಪ ಸಿಟ್ಟು ಬರುತ್ತದೆ.

ಉಸುಕಿನಲ್ಲಿ ಬೆಳೆಯುವವರ ಪೈಕಿ ಹುಲಿಗೆವ್ವ ಎಂಬವಳಿದ್ದಳು. ಗಂಡ ತೀರಿಕೊಂಡಿದ್ದ. ಗಾಳೆವ್ವ ಎಂಬ ಒಬ್ಬಳೇ ಮಗಳು. ವರ್ಷದ ಮೊದಲ ಸೌತೆಕಾಯಿಯನ್ನು ಹುಲಿಗೆವ್ವ ಅಜ್ಜಾರ ಮುಂದೆ ತಂದಿಡುತ್ತಿದ್ದಳು. ಇನ್ನೊಂದನ್ನು ಯಂತ್ರದ ಕೋಣೆಯ ಹೊಸ್ತಿಲ ಮೇಲೆ ಇಡುತ್ತಿದ್ದಳು.

“ಅದು ಸೌತಿಕಾಯಿ ತಿನ್ನಂಗಿಲ್ಲ ಬೇ,” ಎಂದು ಕಳಕೇಶ ಚೇಷ್ಟೆ ಮಾಡುತ್ತಿದ್ದ.

“ತಿನ್ನಲಿ ಬಿಡಲಿ. ನಮ್ಮನ್ನ ಕಾಯ್ತೈತಲ್ಲ.” ಹೋಗುವಾಗ ಒಮ್ಮೆ ತಿರುಗಿ ಕೇಳುತ್ತಿದ್ದಳು. “ಕೂಗ್ತೈತಿ ಹೌದಲ್ಲೋ?”

“ಕೂಗೇ ಕೂಗ್ತೈತಿ ಬೇ. ನೀ ಚಿಂತಿ ಬಿಡು.”

ಅವಳು ಚಿಂತೆ ಬಿಟ್ಟಿದ್ದಳು.

ಒಂದು ಮುಂಜಾನೆ, ಮೇಲೆ ಎಲ್ಲೋ ಅಕಾಲದ ಮಳೆ ಸುರಿದು ಹೊಳೆಗೆ ನೀರು ಬಂತು. ಬುಂಡೆ ಏರಿತು. ಕಂಬ ಸುದ್ದಿ ಕಳಿಸಿತು. ಸೈರನ್ ಕೂಗಲಿಲ್ಲ.

ಗಾಳೆವ್ವ ದಂಡೆಯ ಮೇಲೆ ಬುಟ್ಟಿಗೆ ಕಾಯಿ ತುಂಬುತ್ತಿದ್ದಳು. ತಾಯಿ ಕೆಳಗೆ ಬಳ್ಳಿಗಳ ನಡುವೆ ಬಗ್ಗಿದ್ದಳು. ನೀರು ಕಂಡ ಮಗಳು ಕಿರುಚಿಕೊಂಡಳು.

ಹುಲಿಗೆವ್ವ ತಲೆ ಎತ್ತಿ ಮೊದಲು ನೋಡಿದ್ದು ನೀರಿನ ಕಡೆಗಲ್ಲ, ಮಠದ ಕಡೆಗೆ. ಸೈರನ್ ಕೂಗಿಲ್ಲ, ಮತ್ತೆ ಈ ಹುಡುಗಿ ಯಾಕೆ ಕಿರುಚುತ್ತಾಳೆ ಎಂದು. ಹೊಳೆಗೆ ಅಷ್ಟು ಹೊತ್ತು ಸಾಕಾಯಿತು.

ಸುದ್ದಿ ಕೇಳಿ ಕಳಕೇಶ ಯಂತ್ರದ ಕೋಣೆಗೆ ಓಡಿದ. ಪರದೆಯ ತುಂಬ ಹಸಿರು. ಎಲ್ಲ ಸರಿಯಾಗಿದೆ ಎಂದು ಯಂತ್ರ ಹೇಳುತ್ತಿತ್ತು.

ನಸುಕಿನಲ್ಲಿ ಹೊಸ ಕರ್ನಲ್ ಬಂದಿತ್ತು. ಯಂತ್ರ ಮಲಗಿ ಎದ್ದಿತ್ತು. ಆದರೆ ಕಂಬದ ಸುದ್ದಿ ಹಿಡಿಯುವ ಪೆಟ್ಟಿಗೆಗೂ ಕರ್ನಲ್ಲಿಗೂ ನಡುವೆ ಒಂದು ಸಣ್ಣ ಜೋಡಣೆ ಇತ್ತು. ಅದು ಎಲ್ಲಿಂದಲೋ ತಂದದ್ದಲ್ಲ. ಕಳಕೇಶ ತಾನೇ ಕೂತು ಬರೆದು, ಹಳೆಯ ಕರ್ನಲ್ಲಿಗೆ ಹೊಂದಿಸಿ ಕಟ್ಟಿದ್ದು. ಹೊಸದಕ್ಕೆ ಅದರ ಗುರುತೇ ಹತ್ತಲಿಲ್ಲ. ಪರದೆಯ ಮೇಲೆ ನೀರಿನ ಮಟ್ಟ ಹಿಂದಿನ ದಿನದ್ದೇ ನಿಂತಿತ್ತು.

ಕರ್ನಲ್ ಬದಲಾದಾಗಲೆಲ್ಲ ಆ ಜೋಡಣೆಯನ್ನೂ ಹೊಸದಾಗಿ ಕಟ್ಟಬೇಕು ಎಂಬುದು ಲೋಕದಲ್ಲಿ ಒಬ್ಬನಿಗೇ ಗೊತ್ತಿತ್ತು. ಆ ಹೊತ್ತಿನಲ್ಲಿ ಅವನು ಮಲಗಿದ್ದ.

ಹುಲಿಗೆವ್ವನ ದೇಹ ಆಚೆ ದಂಡೆಯಲ್ಲಿ, ಕೆಳಗಿನ ಊರಿನ ಹತ್ತಿರ ಸಿಕ್ಕಿತು. ಅಲ್ಲೇ ಮಣ್ಣು ಮಾಡಿದರು. ಕಳಕೇಶ ದೂರ ನಿಂತು ನೋಡಿದ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಮಠಕ್ಕೆ ಬಂದವನು ಚೀಲ ಕಟ್ಟಿದ.

“ಅಜ್ಜಾರ, ನಾ ಹೋಗ್ತೀನ್ರಿ.”

“ಎಲ್ಲಿಗೆ?”

“ಗೊತ್ತಿಲ್ಲ.”

“ಯಂತ್ರ?”

“ಹಳೇ ಕರ್ನಲ್ ತಿರುಗಿ ಹಾಕೀನಿ. ಕೂಗ್ತೈತಿ. ಅಪ್‌ಡೇಟ್ ಎಲ್ಲಾ ಬಂದ್ ಮಾಡೀನಿ. ಇನ್ನ ಅದರಾಗ ಒಂದಕ್ಷರ ಬದಲಾಗಂಗಿಲ್ಲ. ಹೆಂಗೈತಿ ಹಂಗ ಇರಲಿ, ಸಾಯೋತನಕ.”

“ಯಾರು ಸಾಯೋತನಕ?”

ಕಳಕೇಶನ ಕೈಯಿಂದ ಚೀಲ ಜಾರಿತು. ಅವನು ಅಲ್ಲೇ ನೆಲದ ಮೇಲೆ ಕೂತ.

ಅಜ್ಜಾರು ಎದ್ದು ಗೂಟದ ಮೇಲಿದ್ದ ಜಾಗಟೆ ಇಳಿಸಿದರು. ಹೊದ್ದ ವಸ್ತ್ರದ ತುದಿಯಿಂದ ಅದರ ಧೂಳು ಒರೆಸಿದರು. ಒರೆಸುತ್ತ ಒರೆಸುತ್ತ ಅವರ ಕಣ್ಣು ತುಂಬಿ ಬಂತು.

“ಎದ್ದಾಗ ಯಾರಿರ್ತಾರ ಅಂತ ನಿನ್ನ ಕೇಳಿದ್ದೆ. ಕೇಳಿ ಸುಮ್ಮನಾದೆ. ಕೇಳಿದಾಂವ ನಾನರ ಹೋಗಿ ಕುಂದರಬೇಕಿತ್ತು.”

“ನೀವು ಕುಂತು ಏನ್ ಮಾಡ್ತಿದ್ರಿ ಅಜ್ಜಾರ? ನಿಮಗ ಯಂತ್ರ ತಿಳಿಯಂಗಿಲ್ಲ.”

“ಹೊಳಿ ತಿಳಿತಿತ್ತಲ್ಲೋ ತಮ್ಮಾ.”

ಅಷ್ಟು ಹೇಳಿ ಅವರು ಜಾಗಟೆ ಹಿಡಿದು ಹೊರಗೆ ಹೋದರು. ಆವತ್ತಿನಿಂದ ಕಟ್ಟೆಯ ಮೇಲೆ ಕೂತು ನೀರು ನೋಡತೊಡಗಿದರು. ಮುದುಕರು, ಕಣ್ಣು ಮಂಜು. ಆದರೂ ಕೂತರು. ಕಳಕೇಶ ಚೀಲ ಬಿಚ್ಚಿದ. ಅವರನ್ನು ಹಾಗೆ ಬಿಟ್ಟು ಹೋಗಲು ಅವನಿಂದ ಆಗಲಿಲ್ಲ.

ಕೆಲವು ದಿನ ಕಳೆದವು. ಕಳಕೇಶ ಸರಿಯಾಗಿ ಉಣ್ಣುತ್ತಿರಲಿಲ್ಲ. ಯಂತ್ರದ ಕೋಣೆಗೆ ಹೋದರೆ ಹೊಸ್ತಿಲ ಮೇಲೆ ಕಾಲಿಡದೆ ದಾಟುತ್ತಿದ್ದ. ಆ ವರ್ಷದ ಸೌತೆಕಾಯಿ ಅಲ್ಲೇ ಒಣಗಿತ್ತು. ತೆಗೆದು ಎಸೆಯಲು ಅವನಿಗೆ ಕೈ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅವನು ಬಿಳಿಚಿಕೊಂಡು ಬಂದು ಅಜ್ಜಾರ ಪಕ್ಕದಲ್ಲಿ ಕೂತ.

“ಹಳೇ ಕರ್ನಲ್ಲಿನಾಗ ಒಂದು ತೂತು ಐತಂತ್ರಿ. ಈಗ ಗೊತ್ತಾಗೈತಿ. ಅದರಾಗಿಂದ ಯಾರು ಬೇಕಾದವರು ದೂರದಿಂದನ ಒಳಗ ಬರಬಹುದು. ಸುಮ್ಮಸುಮ್ಮನ ಸೈರನ್ ಕೂಗಿಸಬಹುದು. ಕೂಗೋ ಹೊತ್ತಿನಾಗ ಅದರ ಬಾಯಿ ಮುಚ್ಚಬಹುದು.”

“ತೂತು ಮುಚ್ಚಾಕ ಬರಂಗಿಲ್ಲೇನು?”

“ಹೊಸ ಕರ್ನಲ್ಲಿನಾಗ ಮುಚ್ಯಾರ.”

“ಮತ್ತ?”

“ಕೈ ಏಳವಲ್ದು ಅಜ್ಜಾರ.”

ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಕಳಕೇಶನಿಗೆ ಅದನ್ನು ನೋಡಲು ಆಗಲಿಲ್ಲ. ತಲೆ ತಗ್ಗಿಸಿಯೇ ಮಾತಾಡಿದ.

“ಮೊಬೈಲಿನಾಗಿನ ಸಾಫ್ಟ್‌ವೇರು ದಿನಾ ತಾನ ಬದಲಾಗ್ತಾವು. ಯಾರೂ ಸಾಯಂಗಿಲ್ಲ. ಕರ್ನಲ್ಲೂ ಹಂಗ ಬದಲಾಗಲಿ, ಕಾಯ್ಕೊಂಡು ಕುಂತ್ರ ಮನುಷ್ಯಾ ಮರೀತಾನ, ತೂತು ಹಂಗ ಉಳೀತಾವು ಅಂತಾರ ಒಬ್ಬರು. ಅದು ಖರೇನ. ಅದನ್ನ ಮುಟ್ಟಬ್ಯಾಡ, ನಡಿಯೋದನ್ನ ನಡಿಯಾಕ ಬಿಡು ಅಂತಾರ ಇನ್ನೊಬ್ಬರು. ಅದೂ ಖರೇನ. ಬದಲಾಗಿದ್ದಕ್ಕ ಒಂದು ಜೀವ ಹೋತು. ಬದಲಾಗಲಿಲ್ಲಂದ್ರ ಇನ್ನೆಷ್ಟು ಹೋಗ್ತಾವೋ. ನೀವ ಹೇಳ್ರಿ ಅಜ್ಜಾರ. ಕರ್ನಲ್ ತಾನ ಬದಲಾಗಬೇಕೋ, ಬ್ಯಾಡೋ?”

ಅಜ್ಜಾರು ದಂಡೆಯ ಕಡೆ ಕೈ ತೋರಿಸಿದರು.

“ಹರಿಗೋಲು ಮ್ಯಾಲ ಎಳಿ.”

ಮಠಕ್ಕೆ ಒಂದು ಹರಿಗೋಲು ಇತ್ತು. ದೊಡ್ಡ ಬಿದಿರ ಬುಟ್ಟಿ, ತಳಕ್ಕೆ ದಪ್ಪ ಚೀಲಗಳ ಹೊದಿಕೆ ಹೊಲಿದು ಮೇಲೆ ಡಾಂಬರು ಬಳಿದದ್ದು. ಆಚೆ ದಂಡೆಗೆ ಹೋಗುವವರನ್ನು ಅದರಲ್ಲೇ ದಾಟಿಸುತ್ತಿದ್ದರು. ತಳ ಜೀರ್ಣವಾಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು.

ಇಬ್ಬರೂ ಸೇರಿ ಅದನ್ನು ಎಳೆದು ತಂದು ಬೋರಲು ಹಾಕಿದರು. ಹಳೆಯ ಹೊದಿಕೆ ಕಿತ್ತರು. ಕಳಕೇಶ ಹೊಸ ಚೀಲಗಳನ್ನು ಹೊಲಿಯಲು ಕೂತ. ಅಜ್ಜಾರು ಒಲೆ ಹೂಡಿ ಡಾಂಬರು ಕಾಯಿಸಿದರು.

“ಹೋದ ವರ್ಷ ನಡುಹೊಳ್ಯಾಗ ಹುಟ್ಟು ಮುರೀತು. ಆವಾಗ ಏನ್ ಮಾಡಿದಿ?” ಅಜ್ಜಾರು ಕೇಳಿದರು.

“ಇನ್ನೊಂದು ಹುಟ್ಟು ಇತ್ತಲ್ರಿ. ತಗೊಂಡು ಹಾಕಿದೆ.”

“ಜನಾ ಇಳಿಸಿದ್ಯಾ?”

“ಯಾಕ ಇಳಿಸ್ಲಿ? ಹುಟ್ಟು ಅಷ್ಟ ಅಲ್ಲ.”

“ಕುಂದ್ರೋ ಹಲಗಿ ಮುರಿದಾಗ?”

“ಅದನ್ನೂ ನೀರಾಗ ಬದಲಿಸಿದೆ.”

“ತಳ?”

ಕಳಕೇಶನ ಸೂಜಿ ನಿಂತಿತು.

“ತಳಾನೂ ನೀರಾಗ, ಜನಾ ಕುಂತಾಗ, ತಾನ ಬದಲಾದ್ರ?”

“ಮುಳುಗ್ತಾರ.”

“ತಳ ಮುಟ್ಟೋದ ಬ್ಯಾಡ ಅಂತ ಹಿಂಗ ಬಿಟ್ರ?”

“ಮುಂದಿನ ಮಳಿಗಾಲಕ್ಕ ಮುಳುಗ್ತಾರ.” ಕಳಕೇಶ ಸೂಜಿ ಕೆಳಗಿಟ್ಟು ಎದ್ದ. “ತಿಳೀತ್ರಿ ಅಜ್ಜಾರ. ದಂಡಿಗೆ ತರಬೇಕು. ಬರಿದು ಮಾಡಬೇಕು. ಕೈಯಾರ ಬದಲಿಸಬೇಕು. ಈಗ ಹೋಗಿ ಕರ್ನಲ್ ಹಾಕ್ತೀನಿ.”

“ಇನ್ನ ಹೊಲಿಗಿ ಮುಗಿದಿಲ್ಲ. ಆಗಲೇ ತಿಳೀತೇನು ನಿನಗ? ಕುಂದ್ರು.”

ಕೂತ. ಹೊಲಿದ. ಡಾಂಬರು ಬಳಿದ. ಡಾಂಬರು ಆರುವತನಕ ಇಬ್ಬರೂ ಬೇವಿನ ನೆರಳಲ್ಲಿ ಕೂತರು.

ಹರಿಗೋಲನ್ನು ಮತ್ತೆ ನೀರಿಗೆ ಇಳಿಸುವ ಹೊತ್ತಿಗೆ ಗಾಳೆವ್ವ ಬಂದಳು. ಕೈಯಲ್ಲಿ ಹಾಲಿನ ಗಿಂಡಿ. ತಾಯಿ ಹೋದ ಮೇಲೆ ಕಳಕೇಶ ಅವಳ ಮುಂದೆ ನಿಂತದ್ದು ಅದೇ ಮೊದಲು.

“ಆಚೆ ದಂಡಿಗೆ ಹೋಗಬೇಕಿತ್ತು,” ಎಂದಳು. “ಅವ್ವನ ಮಣ್ಣಿಗೆ ಹಾಲು ಹಾಕಬೇಕು.”

ಕಳಕೇಶ ಗಡಿಬಿಡಿಯಿಂದ ಹರಿಗೋಲಿಗೆ ಹಾರಿದ. “ಬಾ ತಂಗಿ, ನಾ ದಾಟಿಸ್ತೀನಿ. ಬಾ, ಕುಂದ್ರು.”

ಅವಳಿಗಾಗಿ ಏನಾದರೂ ಮಾಡಬೇಕಿತ್ತು ಅವನಿಗೆ. ಏನಾದರೂ ಸರಿ.

ಅಜ್ಜಾರು ಹರಿಗೋಲಿನ ಅಂಚು ಹಿಡಿದುಕೊಂಡರು.

“ತಳ ಕಟ್ಟಿದ ಕೈ ಯಾವುದು?”

“ನಂದು.”

“ಹಂಗಾರ ಮೊದಲ ನೀನೊಬ್ಬನ.”

ಅದು ಆ ಹೊಳೆಸಾಲಿನ ಪದ್ಧತಿ. ತಳ ಬದಲಿಸಿದವನು ಮೊದಲು ಒಬ್ಬನೇ ಹೋಗಿ ಬರಬೇಕು. ಆಮೇಲೆ ಜನ. ಅಜ್ಜಾರೂ ತಾವು ತಳ ಕಟ್ಟಿದಾಗಲೆಲ್ಲ ಹಾಗೇ ಮಾಡಿದವರು. ಕಳಕೇಶ ಅದನ್ನು ಪ್ರತಿವರ್ಷ ನೋಡಿದ್ದ. ಗಾಳೆವ್ವನ ಮುಖ ಕಂಡು ಮರೆತಿದ್ದ.

ಒಬ್ಬನೇ ಹೊರಟ. ನಡುಹೊಳೆಗೆ ಬಂದಾಗ ಹಿಮ್ಮಡಿಗೆ ತಣ್ಣಗಾಯಿತು. ಬಗ್ಗಿ ನೋಡಿದ. ಎರಡು ಚೀಲ ಕೂಡುವ ಕಡೆ ಒಂದು ಹೊಲಿಗೆಗೆ ಡಾಂಬರು ತಾಗಿರಲಿಲ್ಲ. ನೀರು ಒಳಗೆ ಬರುತ್ತಿತ್ತು. ಹೊರಗಿನಿಂದ ನೋಡಿದಾಗ ತಳವೆಲ್ಲ ಕರ್ರಗೆ, ಚೆನ್ನಾಗಿ ಕಂಡಿತ್ತು.

ತಿರುಗಿ ದಂಡೆ ನೋಡಿದ. ಗಾಳೆವ್ವ ಗಿಂಡಿ ಹಿಡಿದು ನಿಂತಿದ್ದಳು. ಅವಳೂ ಈಗ ಇದರಲ್ಲಿ ಕೂತಿರುತ್ತಿದ್ದಳು.

ಕಳಕೇಶನಿಗೆ ಅಳು ತಡೆಯಲಾಗಲಿಲ್ಲ. ಹುಟ್ಟು ತೊಡೆಯ ಮೇಲಿಟ್ಟುಕೊಂಡು ಅತ್ತ. ಹರಿಗೋಲು ನಿಂತಲ್ಲೇ ಬುಗುರಿಯ ಹಾಗೆ ತಿರುಗಿತು. ಹುಲಿಗೆವ್ವನನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ.

ಆಮೇಲೆ ಒಳಗಿನ ನೀರು ಎತ್ತಿ ಚೆಲ್ಲಿ ದಂಡೆಗೆ ಬಂದ.

“ಸೋರ್ತೈತೇನಣ್ಣಾ?” ಗಾಳೆವ್ವ ಕೇಳಿದಳು.

“ಸೋರ್ತೈತಿ ತಂಗಿ.”

“ಸರಿ ಮಾಡಾಕ ಎಷ್ಟೊತ್ತು ಹಿಡಿತೈತಿ?”

“ಸಂಜಿ ಆಗಬಹುದು.”

ಅವಳು ಗಿಂಡಿಯೊಳಗೆ ನೋಡಿದಳು. “ಹಾಲು ಕೆಡ್ತೈತಿ,” ಎಂದಳು. “ಇರಲಿ ಬಿಡು. ಕಾಯ್ತೀನಿ,” ಎಂದು ಬೇವಿನ ಕೆಳಗೆ ಕೂತಳು.

ಅಜ್ಜಾರು ಅವಳ ಕೈಯಿಂದ ಗಿಂಡಿ ತೆಗೆದುಕೊಂಡು ಒಳಗೆ ಹೋದರು. ಹಾಲು ಕಾಯಿಸಿ, ಆರಿಸಿ, ತಂದು ಮತ್ತೆ ಅವಳ ಪಕ್ಕದಲ್ಲಿಟ್ಟರು.

ಕಳಕೇಶ ಬಿಟ್ಟುಹೋದ ಹೊಲಿಗೆಗೆ ಡಾಂಬರು ಬಳಿದು, ಆರಿದ ಮೇಲೆ, ಹೊತ್ತು ಇಳಿಯುವ ಮುಂಚೆ ಮತ್ತೆ ಒಬ್ಬನೇ ಹೋಗಿ ಬಂದ. ಈ ಸಲ ಕಾಲಿಗೆ ನೀರು ತಾಗಲಿಲ್ಲ. ಆಮೇಲೆ ಅವಳನ್ನು ಕೂರಿಸಿಕೊಂಡ.

ನಡುಹೊಳೆಯಲ್ಲಿ ಗಾಳೆವ್ವ ಮಾತಾಡಿದಳು.

“ಆವತ್ತ ಅವ್ವ ಮಠದ ಕಡೆ ನೋಡಿದ್ಲು.”

ಕಳಕೇಶನ ಹುಟ್ಟು ನಿಂತಿತು.

“ನಾ ಕೂಗಿದೆ. ಅಕಿ ನನ್ನ ಮಾತು ನಂಬಲಿಲ್ಲ. ಸೈರನ್ ಕೂಗಿಲ್ಲಲ್ಲ ಅಂತ ಮಠದ ಕಡೆ ನೋಡಿದ್ಲು. ನೀರಿನ ಕಡೆ ನೋಡಿದ್ರ ಹತ್ತಿ ಬರ್ತಿದ್ಲು.”

ಕಳಕೇಶ ಮತ್ತೆ ಹುಟ್ಟು ಹಾಕಿದ.

“ನಿನ್ನ ಬೈಯಾಕ ಹೇಳಿದ್ದಲ್ಲಣ್ಣಾ,” ಎಂದಳು ಗಾಳೆವ್ವ. “ಯಾರ ಮುಂದರ ಹೇಳಬೇಕಿತ್ತು.”

ಮರುದಿನ ಕಳಕೇಶ ಗಟ್ಟಿ ಮನಸ್ಸು ಮಾಡಿದವನ ಹಾಗೆ ಅಜ್ಜಾರ ಮುಂದೆ ಬಂದು ನಿಂತ.

“ಅಜ್ಜಾರ, ಕರ್ನಲ್ ಬದಲಿಸ್ತೀನಿ. ಅದು ಮಲಗಿ ಏಳೋ ಹೊತ್ತಿನಾಗ ನಾ ಉಸುಕಿನಾಗ ನಿಂದರ್ತೀನಿ. ಹುಲಿಗೆವ್ವ ನಿಂತ ಜಾ‌ಗಾದಾಗ. ನೀರು ಬರಲಿ. ಕೂಗಿದ್ರ ಹತ್ತಿ ಬರ್ತೀನಿ. ಕೂಗಲಿಲ್ಲಂದ್ರ ನನ್ನೂ ಒಯ್ಯಲಿ. ತಳ ಕಟ್ಟಿದಾಂವ ಮೊದಲ ಕುಂದರಬೇಕಲ್ರಿ.”

ಅಜ್ಜಾರಿಗೆ ಸಿಟ್ಟು ಬಂದದ್ದನ್ನು ಅವನು ನೋಡಿದ್ದೇ ಇಲ್ಲ. ಆವತ್ತು ನೋಡಿದ.

“ನಿನ್ನೆ ಹರಿಗೋಲಿನಾಗ ಸಾಯಾಕ ಕುಂತಿದ್ದೇನು?”

“...ಇಲ್ರಿ.”

“ಮತ್ಯಾಕ ಕುಂತಿದ್ದಿ?”

“ಎಲ್ಲಿ ಸೋರ್ತೈತಿ ನೋಡಾಕ.”

“ಹೋಗು. ಅದನ್ನ ಮಾಡು.”

ಕಳಕೇಶ ಹೊಳೆಸಾಲಿನ ಮನೆಮನೆಗೆ ಹೋದ. ನಾಳೆ ಯಾರೂ ಉಸುಕಿಗೆ ಇಳಿಯಬೇಡಿ, ಯಂತ್ರದ ಕೆಲಸವಿದೆ, ನಾನೇ ಬಂದು ಹೇಳುವ ತನಕ ಸೈರನ್ ನಂಬಬೇಡಿ ಎಂದ. ಕೆಲವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಒಬ್ಬರು ಬಾಗಿಲು ಹಾಕಿಕೊಂಡರು. ಎಲ್ಲವನ್ನೂ ಅವನು ನುಂಗಿಕೊಂಡ. ಗಾಳೆವ್ವನ ಮನೆಗೂ ಹೋದ.

ಬೆಳಗಾದ ಮೇಲೆ ಅಜ್ಜಾರು ಜಾಗಟೆ ಹಿಡಿದು ಕಟ್ಟೆಯ ಮೇಲೆ ಕೂತರು. ಕಳಕೇಶ ಹಳೆಯ ಕರ್ನಲ್ಲನ್ನು ತೆಗೆಯದೆ ಒಂದು ಮಗ್ಗುಲಿಗಿಟ್ಟು ಹೊಸದನ್ನು ಹಾಕಿದ. ತನ್ನ ಜೋಡಣೆಯನ್ನೂ ಹೊಸದಾಗಿ ಕಟ್ಟಿದ. ಯಂತ್ರ ಮಲಗಿತು. ಅವನು ಅದರ ಪಕ್ಕದಲ್ಲೇ ಕೂತಿದ್ದ. ಎದ್ದಿತು.

ಹೊರಗೆ ಬಂದು ಕೂಗಿ ಹೇಳಿದ. “ಅಜ್ಜಾರ, ಹಸರು ಬಂತ್ರಿ. ಎಲ್ಲಾ ಸರಿ ಐತಿ ಅಂತೈತಿ.”

ಅಜ್ಜಾರು ಹೊಳೆಯಿಂದ ಕಣ್ಣು ತೆಗೆಯಲಿಲ್ಲ.

“ಆವತ್ತೂ ಹಸರ ಇತ್ತಲ್ಲೋ.”

ಕಳಕೇಶ ಹೊಳೆಗುಂಟ ಮೇಲಕ್ಕೆ ನಡೆದ. ಬಿಸಿಲೇರಿತ್ತು. ಕಂಬದ ಹತ್ತಿರ ಸೊಂಟದ ಮಟ್ಟ ನೀರಿಗಿಳಿದು, ಬಾಗಿಲು ತೆರೆದು, ಒಳಗಿನ ಬುಂಡೆಯನ್ನು ಕೈಯಿಂದ ಮೇಲಕ್ಕೆ ಎತ್ತಿ ಹಿಡಿದ. ನೀರು ಏರಿದಾಗ ಅದು ಏರುವ ಹಾಗೆ.

ಕಿವಿಗೊಟ್ಟು ನಿಂತ.

ಸೈರನ್ ಮೂರೂರಿಗೆ ಕೇಳುವಂಥದ್ದು. ಅವನಿಗೆ ಕೇಳಿದ್ದು ಬರೀ ನೀರಿನ ಸದ್ದು. ಕೈ ಸೋಲುವ ತನಕ ಬುಂಡೆ ಹಿಡಿದೇ ನಿಂತ. ಹುಲಿಗೆವ್ವ ಕೊನೆಗೆ ಕೇಳಿದ್ದೂ ಈ ಸದ್ದನ್ನೇ ಎಂದು ಅವನಿಗೆ ಆಗ ಹೊಳೆಯಿತು.

ತಿರುಗಿ ನಡೆದು ಬಂದ. ಕಟ್ಟಿದ ಜೋಡಣೆಯಲ್ಲಿ ಎಲ್ಲೋ ಒಂದು ಎಳೆ ತಪ್ಪಿತ್ತು. ಹುಡುಕಿದ, ಸರಿ ಮಾಡಿದ, ಯಂತ್ರ ಮಲಗಿಸಿ ಎಬ್ಬಿಸಿದ. ಈ ಸಲ ಪರದೆ ನೋಡಲಿಲ್ಲ. ನೇರ ಕಂಬಕ್ಕೆ ಹೋದ. ನೀರಿಗಿಳಿದ. ಬುಂಡೆ ಎತ್ತಿದ.

ಸೈರನ್ ಕೂಗಿತು.

ಹೊಳೆಯ ಉದ್ದಕ್ಕೂ, ಆಚೆ ದಂಡೆಗೂ, ಕೆಳಗಿನ ಊರಿಗೂ ಕೂಗಿತು. ಕಳಕೇಶ ಸಂತೋಷಪಡಬೇಕಿತ್ತು. ಬುಂಡೆ ಬಿಟ್ಟು, ಅದನ್ನು ಎತ್ತಿ ಹಿಡಿದಿದ್ದ ಕೈಯಲ್ಲೇ ಮುಖ ಮುಚ್ಚಿಕೊಂಡ.

ಇತ್ತ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಗಾಳೆವ್ವ ಹಿಟ್ಟಿನ ಕೈಯಲ್ಲೇ ದಂಡೆಗೆ ಓಡಿ ಬಂದಳು. ಇದು ಪರೀಕ್ಷೆ ಎಂದು ಅವಳಿಗೆ ಗೊತ್ತಿತ್ತು. ಕಳಕೇಶ ಮನೆಗೇ ಬಂದು ಹೇಳಿದ್ದ. ಆದರೂ ಓಡಿ ಬಂದು, ಖಾಲಿ ಉಸುಕಿನ ಕಡೆ ಬಗ್ಗಿ, “ಯವ್ವಾ, ಹತ್ತಿ ಬಾರಬೇ” ಎಂದು ಕರೆದಳು.

ಕಟ್ಟೆಯ ಮೇಲಿದ್ದ ಅಜ್ಜಾರು ಅದನ್ನು ಕೇಳಿದರು. ತೊಡೆಯ ಮೇಲಿದ್ದ ಜಾಗಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡರು.

ಆಮೇಲೆ ಕಳಕೇಶ ಮೇಲಿನ ಸಾಫ್ಟ್‌ವೇರುಗಳನ್ನು ತಾವೇ ಬದಲಾಗಲು ಬಿಟ್ಟ. ಕರ್ನಲ್ಲನ್ನು ಬಿಡಲಿಲ್ಲ. ಹೊಸದು ಬಂದರೆ ಯಂತ್ರ ಅವನಿಗೆ ಸುದ್ದಿ ಹೇಳಿ ಕಾಯುತ್ತಿತ್ತು. ಅವನೂ ಅದನ್ನು ಕಾಯಿಸುತ್ತಿರಲಿಲ್ಲ. ಅಜ್ಜಾರು ಕಟ್ಟೆಯ ಮೇಲೆ, ಇವನು ಯಂತ್ರದ ಪಕ್ಕ, ಆಮೇಲೆ ಕಂಬದ ತನಕ ನಡಿಗೆ. ಹೊಸ್ತಿಲ ಮೇಲಿನ ಒಣಗಿದ ಸೌತೆಕಾಯಿಯನ್ನು ಅವನು ಕೊನೆಗೂ ಎತ್ತಿ, ಎಸೆಯದೆ, ಒಳಗೆ ಗೋಡೆಯ ಮಾಡದಲ್ಲಿಟ್ಟ.

ಹೊಳೆ ಮತ್ತೆ ಇಳಿಯಿತು. ಉಸುಕು ಒಣಗಿತು.

ಒಂದು ಮುಂಜಾನೆ ಗಾಳೆವ್ವ ಮಠಕ್ಕೆ ಬಂದಳು. ಉಡಿಯಲ್ಲಿ ಬೂದಿ ಹಚ್ಚಿಟ್ಟ ಸೌತೆಯ ಬೀಜ. ತಾಯಿ ಎತ್ತಿಟ್ಟಿದ್ದು.

“ಬೀಜ ಹಾಕಬೇಕಂತ ಮಾಡೀನಿ,” ಎಂದಳು. “ಅವ್ವನ ಜಾಗಾದಾಗ.”

ಅಜ್ಜಾರು ತಲೆಯಾಡಿಸಿದರು.

ಎರಡು ಹೆಜ್ಜೆ ಇಳಿದವಳು ತಿರುಗಿ ಕಳಕೇಶನ ಕಡೆ ನೋಡಿದಳು.

“ಕೂಗ್ತೈತಿ ಹೌದಲ್ಲಣ್ಣಾ?”

ಹಳೆಯ ಮಾತು ಅವನ ನಾಲಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಹಿಂದಿನ ಸಂಜೆಯೇ ಅವನು ಬುಂಡೆ ಎತ್ತಿ ನೋಡಿ ಬಂದಿದ್ದ. ಯಂತ್ರ ಸರಿಯಾಗಿತ್ತು. ತೂತು ಮುಚ್ಚಿತ್ತು. ಆದರೂ ಆ ಮಾತು ಆಡಲು ಬಾಯಿ ಬರಲಿಲ್ಲ.

ಅವಳು ಉತ್ತರಕ್ಕಾಗಿ ನಿಂತೇ ಇದ್ದಳು.

ಕಳಕೇಶ ಅಜ್ಜಾರ ಕಡೆ ತಿರುಗಿದ. “ಇಕಿಗೆ ಏನಂತ ಹೇಳ್ಲಿ ಅಜ್ಜಾರ?”

ಅಜ್ಜಾರು ಸರಿದು ಕಟ್ಟೆಯ ಮೇಲೆ ಜಾಗ ಬಿಟ್ಟರು. ಜಾಗಟೆ ತೆಗೆದು ಅವನ ಕೈಗೆ ಕೊಟ್ಟರು.

“ಏನೂ ಹೇಳಬ್ಯಾಡ. ಅಕಿ ಮ್ಯಾಲ ಬರೋತನಕ ಇಲ್ಲಿಂದ ಏಳಬ್ಯಾಡ.”